ಗೋಟ್ ಫೆಲ್ ಮನ್ರೋನಾ ಕಾರ್ಬೆಟ್ಟಾ? ಮ್ಯಾಪ್ ನೋಡಿ ನೀವೇ ಕಂಡುಹಿಡಿಯೋದು ಹೇಗೆ

ಗ್ಲಾಸ್ಗೋ ಕಡೆ ಇರೋ ನಮ್ಮೋರಿಗೆ ಒಂದೇ ದಿನದಲ್ಲಿ ಹೋಗಿ ಬರಬಹುದಾದ ದ್ವೀಪ ಅಂದ್ರೆ ಆರನ್. ಅಲ್ಲಿನ ಗೋಟ್ ಫೆಲ್ ಬೆಟ್ಟ ಹತ್ತಿ ಬಂದವರು ಎಷ್ಟೋ ಜನ "ಒಂದು ಮನ್ರೋ ಮುಗೀತು" ಅಂತ ಸ್ಟೇಟಸ್ ಹಾಕ್ತಾರೆ. ಅದು ಮನ್ರೋ ಅಲ್ಲ ಮಾರಾಯ್ರೇ, ಕಾರ್ಬೆಟ್. ಎರಡೂ ಸ್ಕಾಟ್ಲೆಂಡಿನ ಬೆಟ್ಟಗಳನ್ನ ವಿಂಗಡಿಸೋ ಪಟ್ಟಿಗಳ ಹೆಸರು. ಯಾಕೆ ಅಂತ ತಿಳ್ಕೊಂಡ್ರೆ ಸ್ಕಾಟ್ಲೆಂಡಿನ ಯಾವ ಬೆಟ್ಟವನ್ನಾದ್ರೂ ಮ್ಯಾಪ್ ನೋಡಿಯೇ ಯಾವ ಪಟ್ಟಿಗೆ ಸೇರುತ್ತೆ ಅಂತ ಹೇಳ್ಬಹುದು.

ಮೊದಲು ಎತ್ತರ ನೋಡಿ. 3000 ಅಡಿ, ಅಂದ್ರೆ 914.4 ಮೀಟರ್ ದಾಟಿದ್ರೆ ಮನ್ರೋ ಆಗೋ ಚಾನ್ಸ್ ಇದೆ. 1891ರಲ್ಲಿ ಸರ್ ಹ್ಯೂ ಮನ್ರೋ ಮಾಡಿದ ಪಟ್ಟಿ ಅದು, ಈಗ 282 ಇವೆ, ಎತ್ತರದ ವಿಷಯದಲ್ಲಿ ಭಾರೀ ಸ್ಟ್ರಿಕ್ಟು. ಬೆನ್ ಅ ಕ್ಲೇವ್ ಅನ್ನೋ ಬೆಟ್ಟವನ್ನ ಹೊಸದಾಗಿ ಅಳೆದಾಗ ಅರ್ಧ ಮೀಟರಷ್ಟು ಕಮ್ಮಿ ಬಂತು ಅಂತ 2012ರಲ್ಲಿ ಪಟ್ಟಿಯಿಂದ ತೆಗೆದೇಬಿಟ್ರು. 2500ರಿಂದ 3000 ಅಡಿ ಒಳಗಿದ್ರೆ ಕಾರ್ಬೆಟ್, ಅದಕ್ಕೂ ಕೆಳಗೆ ಹತ್ತತ್ರ 600 ಮೀಟರ್ ತನಕ ಗ್ರಹಾಂ. ಗೋಟ್ ಫೆಲ್ 874 ಮೀಟರ್, ಸೋ ಅಲ್ಲಿಗೆ ಮನ್ರೋ ಕಥೆ ಮುಗೀತು.

ಆದ್ರೆ ಎತ್ತರ ಒಂದೇ ಸಾಲಲ್ಲ, ಹೆಚ್ಚಿನವರು ಎಡವೋದು ಇಲ್ಲೇ. ಎರಡನೇ ಲೆಕ್ಕ ಡ್ರಾಪ್. ಈ ತುದಿಯಿಂದ ಇದಕ್ಕಿಂತ ಎತ್ತರದ ಇನ್ನೊಂದು ಬೆಟ್ಟಕ್ಕೆ ನಡ್ಕೊಂಡು ಹೋಗ್ಬೇಕಾದ್ರೆ ಕಮ್ಮಿ ಅಂದ್ರೂ ಎಷ್ಟು ಕೆಳಗಿಳೀಬೇಕು, ಅದೇ ಡ್ರಾಪ್. ಮ್ಯಾಪಲ್ಲಿ ಕಂಡುಹಿಡಿಯೋಕೆ ಒಂದು ಸುಲಭದ ದಾರಿ ಇದೆ: ಸಮುದ್ರ ನಿಧಾನಕ್ಕೆ ಮೇಲೇರ್ತಾ ಇದೆ ಅಂದ್ಕೊಳ್ಳಿ, ನಿಮ್ಮ ಬೆಟ್ಟ ಎತ್ತರದ ಬೆಟ್ಟದಿಂದ ಬೇರೆಯಾಗಿ ತಾನೇ ಒಂದು ದ್ವೀಪ ಆಗೋದು ಯಾವ ಜಾಗದಲ್ಲಿ ನೀರು ದಾಟಿದಾಗ? ಎರಡು ಬೆಟ್ಟಗಳ ನಡುವಿನ ಆ ತಗ್ಗು ಜಾಗಕ್ಕೆ ಅಲ್ಲಿ ಕೋಲ್ ಅಂತಾರೆ. ತುದಿಯ ಎತ್ತರದಿಂದ ಕೋಲ್ ಎತ್ತರ ಕಳೀರಿ, ಅಷ್ಟೇ. ಕಾರ್ಬೆಟ್ ಆಗೋಕೆ 500 ಅಡಿ ಅಂದ್ರೆ 152 ಮೀಟರ್ ಬೇಕು, ಗ್ರಹಾಂಗೆ 150. ಮನ್ರೋಗೆ ಮಾತ್ರ ಇಂತಿಷ್ಟು ಅಂತ ಡ್ರಾಪ್ ನಿಯಮವೇ ಇಲ್ಲ, ಯಾವುದು ಪೂರ್ತಿ ಬೆಟ್ಟ, ಯಾವುದು ಪಕ್ಕದ ಬೆಟ್ಟಕ್ಕೇ ಸೇರಿದ ಚಿಕ್ಕ ತುದಿ ಅಂತ ಪಟ್ಟಿ ಮಾಡಿದವರೇ ತೀರ್ಮಾನ ಮಾಡಿದ್ದು, ಅದಕ್ಕೇ ಅದರ ಬಗ್ಗೆ ಇವತ್ತಿಗೂ ಜಗಳ.

ಈಗ ಆರನ್ ಮ್ಯಾಪ್ ತೆಗೀರಿ, ಬ್ರಿಟನ್ನಿನ ಸರ್ಕಾರಿ ಮ್ಯಾಪ್ ಸಂಸ್ಥೆ ಆರ್ಡ್ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ 361. ಗೋಟ್ ಫೆಲ್ ದ್ವೀಪದಲ್ಲೇ ಎತ್ತರ, ಸೋ ಸಮುದ್ರದ ತನಕ ಇಳೀಬೇಕು, ಡ್ರಾಪ್ ಪೂರ್ತಿ 874. ಕ್ಯಾಶ್ಟೆಲ್ ಅವೈಲ್ 859 ಮೀಟರ್, ಅಲ್ಲಿಂದ ಗೋಟ್ ಫೆಲ್‌ಗೆ ಬರೋಕೆ ದಿ ಸ್ಯಾಡಲ್ ಅನ್ನೋ ಜಾಗದಲ್ಲಿ ಸುಮಾರು 430 ಮೀಟರ್ ಎತ್ತರಕ್ಕೆ ಇಳೀಬೇಕು, ಆರಾಮಾಗಿ ಕಾರ್ಬೆಟ್. ಕೀರ್ ವೋರ್ 799, ಬೆನ್ ಟಾರ್ಸಿನ್ 826, ಅವೂ ಪಾಸು. ಆದ್ರೆ ನಾರ್ತ್ ಗೋಟ್ ಫೆಲ್ ನೋಡಿ, 818 ಮೀಟರ್ ಇದೆ, ಕೀರ್ ವೋರ್‌ಗಿಂತ ಎತ್ತರ, ಆದ್ರೂ ಕಾರ್ಬೆಟ್ ಅಲ್ಲ! ಅಲ್ಲಿಂದ ಗೋಟ್ ಫೆಲ್‌ಗೆ ಹೋಗೋ ಏಣು, ಅಂದ್ರೆ ಬೆಟ್ಟದ ಬೆನ್ನು, ನೂರು ಮೀಟರೂ ಇಳಿಯಲ್ಲ. 792 ಮೀಟರಿನ ಬೆನ್ ನೂಶ್‌ದೂ ಇದೇ ಹಣೆಬರಹ. ಇಡೀ ದ್ವೀಪಕ್ಕೆ ಕಾರ್ಬೆಟ್ ನಾಲ್ಕೇ.

ಮರ್ಲಿನ್ ಅಂತ ಇನ್ನೊಂದು ಪಟ್ಟಿ ಇದೆ, 1992ರಲ್ಲಿ ಆಲನ್ ಡಾಸನ್ ಶುರು ಮಾಡಿದ್ದು. ಎತ್ತರ ಎಷ್ಟಾದ್ರೂ ಇರ್ಲಿ, 150 ಮೀಟರ್ ಡ್ರಾಪ್ ಇದ್ರೆ ಸಾಕು, ಹಾಗಾಗಿ ಗೋಟ್ ಫೆಲ್ ಮರ್ಲಿನ್ನೂ ಹೌದು. ನನ್ನ ಪ್ರಕಾರ ಇದೇ ಎಲ್ಲದಕ್ಕಿಂತ ನ್ಯಾಯವಾದ ಪಟ್ಟಿ.

ಒಂದು ವಿಷಯ, ಯಾವ ಪಟ್ಟಿ ಅಂತ ನೋಡಿ ಕಷ್ಟ ಸುಲಭ ಅಳೀಬೇಡಿ. ಕೇರ್ನ್‌ವೆಲ್ 933 ಮೀಟರಿನ ಮನ್ರೋ, ಆದ್ರೆ ರೋಡೇ 670 ಮೀಟರ್ ತನಕ ಕರ್ಕೊಂಡು ಹೋಗುತ್ತೆ. ಸ್ಕೈ ದ್ವೀಪದ ಇನ್ಆಕ್ಸೆಸಿಬಲ್ ಪಿನಾಕಲ್ ಕೂಡ ಮನ್ರೋನೇ, ಅದಕ್ಕೆ ಹಗ್ಗ ಬೇಕು, ಸ್ವತಃ ಮನ್ರೋ ಸಾಹೇಬ್ರೇ ಹತ್ತಲಿಲ್ಲ. ಗೋಟ್ ಫೆಲ್ ಹೆಸರಿಗೆ ಕಾರ್ಬೆಟ್, ಆದ್ರೆ ಹತ್ತೋದು ಹೆಚ್ಚುಕಮ್ಮಿ ಸಮುದ್ರಮಟ್ಟದಿಂದ.

ದಾರಿ ಫೆರ್ರಿ ಇಳಿಯೋ ಬ್ರಾಡಿಕ್ ಊರಿನ ಹತ್ರ ಕ್ಲಾಡಕ್‌ನಿಂದ ಶುರು. ಕಾಡು ದಾಟಿದ್ಮೇಲೆ ಚೆನ್ನಾಗಿ ಕಲ್ಲು ಹಾಕಿದ ಕಾಲುದಾರಿ, ಕೊನೇ ಏರು ಮಾತ್ರ ಗ್ರಾನೈಟ್ ಬಂಡೆಗಳ ಮಧ್ಯೆ, ಅಲ್ಲಲ್ಲಿ ಕೈ ಊರಬೇಕಾಗುತ್ತೆ. ಹೋಗಿ ಬರೋಕೆ ಐದಾರು ಗಂಟೆ ಇಟ್ಕೊಳ್ಳಿ. ಮೋಡ ಕವಿದಿದ್ರೆ ನಾರ್ತ್ ಗೋಟ್ ಫೆಲ್ ಕಡೆ ಏಣು ಹಿಡಿಯೋಕೆ ಹೋಗ್ಬೇಡಿ, ಬಂದ ದಾರೀಲೇ ಇಳೀರಿ. ಗಾಳಿ ಜಾಸ್ತಿ ಇದ್ರೆ ಫೆರ್ರಿನೂ ಕ್ಯಾನ್ಸಲ್ ಆಗುತ್ತೆ, ಹಾಗಾಗಿ ಹೊರಡೋ ಮುಂಚೆ ಬೆಟ್ಟದ ಹವಾಮಾನದ ಜೊತೆ ವಾಪಸ್ ಬರೋ ಫೆರ್ರಿ ಟೈಮನ್ನೂ ಚೆಕ್ ಮಾಡ್ಕೊಳ್ಳಿ.