ಟ್ರ್ಯಾಕ್ಟರ್ ಫ್ರೇಮ್ ಬಿರುಕು ಬಿಟ್ಟಿದ್ದರೆ

ಮಳೆ ಬಿಡುವು ಕೊಟ್ಟ ಕೂಡಲೇ ಸಕಲೇಶಪುರ, ಮೂಡಿಗೆರೆ ಕಡೆ ಎಲ್ಲರಿಗೂ ಟ್ರ್ಯಾಕ್ಟರ್ ಬೇಕು. ಫ್ರೇಮ್ ಕೈಕೊಡುವುದೂ ಆಗಲೇ. ವೆಲ್ಡಿಂಗ್ ಯಂತ್ರ ಇದೆಯೆಂದು ಅವಸರ ಮಾಡಬೇಡಿ. ಒಡೆದದ್ದು ಉಕ್ಕೋ ಎರಕವೋ ನೋಡಿ. ಗ್ರೈಂಡರ್ ತಾಗಿಸಿದರೆ ಉಕ್ಕಿನಿಂದ ಉದ್ದನೆಯ ಹೊಳೆಯುವ ಕಿಡಿ ಹಾರುತ್ತದೆ, ಎರಕದ ಕಬ್ಬಿಣದಿಂದ ಗಿಡ್ಡನೆಯ ಮಂಕು ಕೆಂಪು ಕಿಡಿ. ಗೇರ್‌ಬಾಕ್ಸ್, ಕ್ಲಚ್ ಹೌಸಿಂಗ್ ಸಾಮಾನ್ಯವಾಗಿ ಎರಕದವು. ಅವಕ್ಕೆ ಮಾಮೂಲಿ ರಾಡ್ ಹಾಕಿದರೆ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಎರಕದ ಕೆಲಸ ಬಲ್ಲವರಿಗೇ ಬಿಡಿ.

ಉಕ್ಕಾದರೆ ಧೈರ್ಯವಾಗಿ ಕೈ ಹಾಕಬಹುದು. ಗ್ರೀಸ್, ಬಣ್ಣ ತೆಗೆದು ಬಿರುಕಿನ ಮೇಲೆ ಸೀಮೆಎಣ್ಣೆ ಸವರಿ (ಈಗ ಅದು ಸಿಗುವುದೇ ಕಷ್ಟ, ಡೀಸೆಲ್ ಆದರೂ ನಡೆಯುತ್ತದೆ), ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉಜ್ಜಿ. ಒಳಗಿಳಿದ ಎಣ್ಣೆಯನ್ನು ಪುಡಿ ಹೀರಿಕೊಂಡು, ಕಣ್ಣಿಗೆ ಕಾಣದಿದ್ದ ತುದಿಯವರೆಗೂ ಒದ್ದೆ ಗೆರೆ ಮೂಡುತ್ತದೆ. ಆ ತುದಿಯಲ್ಲಿ 4 ಮಿ.ಮೀ. ತೂತು ಕೊರೆಯಿರಿ, ಬಿರುಕು ಸುಲಭವಾಗಿ ಮುಂದೆ ಓಡುವುದಿಲ್ಲ. ನಂತರ ಬಿರುಕಿನುದ್ದಕ್ಕೂ ಇಳಿಜಾರು ಅಂಚಿನ ತೋಡು ಮಾಡಿ, ಎಣ್ಣೆಯ ಪಸೆ ಪೂರ್ತಿ ತೆಗೆಯಿರಿ.

ಬ್ಯಾಟರಿಯ ಎರಡೂ ವೈರು ಬಿಚ್ಚಿ. ವೆಲ್ಡಿಂಗ್ ಯಂತ್ರದ ಅರ್ಥ್ ಕ್ಲಾಂಪ್ ಬೆಸುಗೆಯ ಪಕ್ಕದಲ್ಲೇ ಇರಲಿ, ಇಲ್ಲವಾದರೆ ಕರೆಂಟು ಬೇರಿಂಗ್ ಮೂಲಕ ಹಾಯ್ದು ಅದನ್ನು ಹಾಳು ಮಾಡುತ್ತದೆ. 7018 ನಂಬರಿನ ವೆಲ್ಡಿಂಗ್ ರಾಡ್ ಒಳ್ಳೆಯದು, ಆದರೆ ಮಲೆನಾಡಿನ ತೇವ ಅದಕ್ಕೆ ಶತ್ರು. ಪೊಟ್ಟಣ ಬಿಚ್ಚಿ ಶೆಡ್ಡಿನಲ್ಲಿ ಇಟ್ಟ ಹಳೆಯ ರಾಡ್ ಬೇಡವೇ ಬೇಡ. ಮೇಲೆ ಪಟ್ಟಿ ಕೂರಿಸುವುದಾದರೆ ಚೌಕವಲ್ಲ, ವಜ್ರದಾಕಾರದ ತುಂಡು ಕತ್ತರಿಸಿ. ಫ್ರೇಮಿಗೆ ನೇರ ಅಡ್ಡಲಾಗಿ ಬೆಸುಗೆ ಬಿದ್ದರೆ ಮುಂದಿನ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ.