ಇಲಿಗೆ ಇಟ್ಟಿದ್ದು ಬೆಕ್ಕಿಗೆ ಅಂಟಿತು

ರೇಷ್ಮೆ ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡೋ ಹೊತ್ತಿನ ನಿದ್ದೆ, ಮುಗಿಸಿ ಎದ್ದರೆ ಮನೆಯಲ್ಲಿ ಯಾರಿಗೂ ಬಿಡುವಿರೋದಿಲ್ಲ. ಶಿಡ್ಲಘಟ್ಟದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲಿಗಳಿಗೂ ಆ ಲೆಕ್ಕ ಗೊತ್ತು. ಹುಳು ದಪ್ಪವಾದ ವಾರವೇ ಹುಳು ಸಾಕೋ ಸ್ಟ್ಯಾಂಡ್ ಹತ್ತುತ್ತವೆ, ಗೂಡು ಕಟ್ಟೋ ಬಿದಿರ ತಟ್ಟೆಗೆ, ಅಂದರೆ ಚಂದ್ರಂಕಿಗೆ, ಹುಳು ಬಿಟ್ಟ ಮೇಲೆ ಗೂಡನ್ನೇ ಕಚ್ಚಿ ಒಳಗಿನದ್ದನ್ನು ತಿಂದುಹಾಕುತ್ತವೆ. ಪಾಷಾಣ ಇಡೋಕೆ ನನಗೆ ಧೈರ್ಯವಿಲ್ಲ. ಪಾಷಾಣ ತಿಂದ ಇಲಿಯನ್ನು ಬೆಕ್ಕು ತಿಂದರೆ ಬೆಕ್ಕೂ ಹೋಗುತ್ತೆ. ಹಾಗಾಗಿ ನಮ್ಮ ಬೆಕ್ಕು ಕೆಂಚನ ಕ್ಷೇಮಕ್ಕೆಂದೇ ಅಂಟಿನ ಹಾಳೆ ತಂದಿಟ್ಟೆ. ಪುಸ್ತಕದ ಹಾಗೆ ಬಿಡಿಸಿ ಮೂಲೆಗೆ ಇಡ್ತಾರಲ್ಲ, ಅದು.

ಮೂರು ದಿನ ಇಲಿ ಬೀಳಲಿಲ್ಲ, ಒಂದು ಹಲ್ಲಿ ಬಿತ್ತು. ಅದು ಬಾಲ ಆಡಿಸಿದ್ದು ಕೆಂಚನ ಕಣ್ಣಿಗೆ ಬಿತ್ತು. ನಾನು ಸೊಪ್ಪಿನ ಮಂಕರಿ ಇಳಿಸಿ ಓಡುವಷ್ಟರಲ್ಲಿ ಎಡ ಮುಂಗಾಲು, ಒಂದು ಪಕ್ಕೆ, ಬಾಲದ ತುದಿ ಎಲ್ಲಾ ಹಾಳೆಗೆ ಅಂಟಿಕೊಂಡು, ಆ ಹಾಳೆಯನ್ನೇ ಎಳೆದುಕೊಂಡು ಗೋಡೆಗೆ ಬಡಿದುಕೊಳ್ತಾ ಸ್ಟ್ಯಾಂಡ್ ಕೆಳಗೆ ನುಗ್ಗಿದ್ದ. ಆ ಕೂಗು ಬೆಕ್ಕಿನದು ಅಂತ ಅನ್ನಿಸಲೇ ಇಲ್ಲ. ಅತ್ತೆಗೆ ಗಾಬರಿಯಾದರೆ ಬರೀ ತೆಲುಗು ಬರುತ್ತೆ. ಅವರು ಬಾಗಿಲಲ್ಲಿ ನಿಂತು ವೆಂಕಟರಮಣನನ್ನು ತೆಲುಗಿನಲ್ಲೇ ಕರೀತಿದ್ದರು.

ನಾನು ಮೊದಲು ಮಾಡಿದ್ದೇ ತಪ್ಪು. ಕಾಲು ಹಿಡಿದು ಎಳೆದೆ. ಒಂದು ಹಿಡಿ ಕೂದಲು ಹಾಳೆಯಲ್ಲೇ ಉಳಿಯಿತು, ಕೆಳಗಿನ ಚರ್ಮ ಕೆಂಪಗೆ ಕಾಣಿಸಿತು. ಅಲ್ಲಿಗೆ ನಿಲ್ಲಿಸಿದೆ. ಈ ಅಂಟು ಒಣಗೋದಿಲ್ಲ, ನೀರಿಗೂ ಜಗ್ಗೋದಿಲ್ಲ. ಒದ್ದಾಡಿದಷ್ಟೂ ಇನ್ನಷ್ಟು ಕೂದಲು ಅದಕ್ಕೆ ಸಿಗುತ್ತೆ.

ಹಳೇ ಟವೆಲ್ ತಲೆ ಮೇಲೆ ಹಾಕಿ ಕತ್ತಿನ ಹಿಂದಿನ ಚರ್ಮ ಹಿಡಿದು ಒತ್ತಿದ ಮೇಲೆ ಸ್ವಲ್ಪ ತಣ್ಣಗಾದ. ಮುಂದಿನ ಕೆಲಸ, ಹಾಳೆಯ ಖಾಲಿ ಜಾಗದ ಅಂಟನ್ನು ಸಾಯಿಸೋದು. ಇಲ್ಲದಿದ್ದರೆ ಒಂದು ಕಾಲು ಬಿಡಿಸುವಾಗ ಇನ್ನೊಂದು ಅಂಟಿಕೊಳ್ಳುತ್ತೆ. ನಮ್ಮನೆಯವರು ಹುಳಕ್ಕೆ ಉದುರಿಸೋ ಸುಣ್ಣದ ಪುಡಿ ಡಬ್ಬ ತಂದೇಬಿಟ್ಟಿದ್ದರು. ಬೇಡ ಅಂದೆ, ಕಿತ್ತುಹೋದ ಚರ್ಮಕ್ಕೆ ಸುಣ್ಣ ತಗುಲಿದರೆ ಸುಡುತ್ತೆ, ನೆಕ್ಕಿದರೆ ಬಾಯಿ ಬೇಯುತ್ತೆ. ಒಳಗಿಂದ ರಾಗಿ ಹಿಟ್ಟು ತರಿಸಿ ಉದುರಿಸಿದೆ. ಹಿಟ್ಟು ಕೂತ ಕಡೆ ಅಂಟು ಮುಟ್ಟಿದರೂ ಹಿಡಿಯಲಿಲ್ಲ. ಆಮೇಲೆ ಕೂದಲು ಕತ್ತರಿಸೋ ಬದಲು ಹಾಳೆಯ ರಟ್ಟನ್ನೇ ಕತ್ತರಿಯಿಂದ ಸುತ್ತಲೂ ಕತ್ತರಿಸಿ ಸಣ್ಣ ತುಂಡುಗಳಾಗಿ ಬಿಡಿಸಿಟ್ಟೆ. ಬೆಕ್ಕಿನ ಚರ್ಮ ಸಡಿಲ. ಗಂಟು ಕೂದಲು ಅಂದುಕೊಂಡು ಕತ್ತರಿ ಹಾಕಿದರೆ ಚರ್ಮವೇ ಸಿಕ್ಕಿಬಿಡುತ್ತೆ.

ಅಷ್ಟರಲ್ಲಿ ಪಕ್ಕದ ಮನೆಯಣ್ಣ, "ಸೀಮೆಎಣ್ಣೆ ಹಾಕಮ್ಮ, ಒಂದೇ ನಿಮಿಷಕ್ಕೆ ಬಿಡುತ್ತೆ" ಅಂದರು. ಬಿಡುತ್ತೆ, ಸುಳ್ಳಲ್ಲ. ಆದರೆ ಬೆಕ್ಕು ಮೈ ನೆಕ್ಕದೆ ಇರೋದಿಲ್ಲ. ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ಚರ್ಮವನ್ನು ಸುಡೋದಲ್ಲದೆ ಉಸಿರಿಗೆ ಸೇರಿದರೆ ಶ್ವಾಸಕೋಶವನ್ನೇ ಕೆಡಿಸುತ್ತೆ. ಗಾಯಕ್ಕೆ ಡೆಟ್ಟಾಲ್ ಹಾಕೋದೂ ಬೇಡ, ಅದು ಬೆಕ್ಕಿಗೆ ವಿಷ.

ನಾನು ಹಾಕಿದ್ದು ಅಡುಗೆಗೆ ಬಳಸೋ ಕಡಲೆಕಾಯಿ ಎಣ್ಣೆ. ಅಂಟಿನ ಅಂಚಿಗೆ ಸುರಿದು, ಐದು ನಿಮಿಷ ಬಿಟ್ಟು, ಬೆರಳಿನಿಂದ ಕೂದಲ ಬುಡದಿಂದ ತುದಿಯ ಕಡೆಗೆ ಉಜ್ಜಿದೆ. ಮೊದಲು ಏನೂ ಆಗಲ್ಲ. ನಿಧಾನಕ್ಕೆ ಅಂಟು ಬೆರಳಡಿ ಸಣ್ಣ ಸಣ್ಣ ಉಂಡೆಯಾಗಿ ಉರುಳೋಕೆ ಶುರುವಾಗುತ್ತೆ. ಅದನ್ನು ಹಳೇ ಬಟ್ಟೆಯಲ್ಲಿ ಒರೆಸಿ ಮತ್ತೆ ಎಣ್ಣೆ. ಪಕ್ಕೆಗಿಂತ ಪಾದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಒಂದೊಂದು ಬೆರಳ ಸಂದಿಯನ್ನೂ ಬಿಡಿಸಬೇಕಿತ್ತು. ಒಂದೂವರೆ ಗಂಟೆ ಆಯಿತು. ನನ್ನ ಮುಂಗೈ ತುಂಬಾ ಪರಚಿದ ಗೆರೆ. ಆಮೇಲೆ ಪಾತ್ರೆ ತೊಳೆಯೋ ಲಿಕ್ವಿಡ್ ನಾಲ್ಕು ಹನಿ ಹಾಕಿದ ಬೆಚ್ಚಗಿನ ನೀರಲ್ಲಿ ತೊಳೆದು, ಚೆನ್ನಾಗಿ ಒರೆಸಿ, ಗೋಣಿಚೀಲ ಹಾಸಿದ ಬುಟ್ಟಿಯಲ್ಲಿ ಕೂರಿಸಿದೆ. ನಾನೂ ಸೋಪು ಹಾಕಿ ಕೈ ತೊಳೆದು ಸೀರೆ ಬದಲಾಯಿಸಿದ ಮೇಲೇ ಸೊಪ್ಪು ಮುಟ್ಟಿದ್ದು. ಆ ಹೊತ್ತಿನ ಸೊಪ್ಪು ತಡವಾಗಿದ್ದಕ್ಕೆ ಮಾತೂ ಕೇಳಿದೆ.

ಮಾರನೇ ದಿನ ಪಶು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಗಾಯ ನೋಡಿ ಮುಲಾಮು ಕೊಟ್ಟರು, ನೆಕ್ಕದ ಹಾಗೆ ಕತ್ತಿಗೆ ರಟ್ಟಿನ ಪಟ್ಟಿ ಕಟ್ಟಿಸಿದರು. ಕಣ್ಣಿಗೋ ಮೂಗಿಗೋ ಅಂಟು ಹೋಗಿದ್ದರೆ, ಬಾಯಿ ತೆರೆದು ಉಸಿರಾಡ್ತಿದ್ದರೆ ಮನೆಯಲ್ಲಿ ಎಣ್ಣೆ ಹಚ್ಚಿಕೊಂಡು ಕೂರದೆ ಸೀದಾ ಬರಬೇಕು ಅಂದರು. ನೆಕ್ಕಿದ ಎಣ್ಣೆಯಿಂದ ಎರಡು ದಿನ ಭೇದಿಯಾಯಿತು, ತಾನಾಗೇ ನಿಂತಿತು.

ಉಳಿದ ಹಾಳೆಗಳಿಗೆ ಹಿಟ್ಟು ಉದುರಿಸಿ, ಮಡಿಸಿ ಎಸೆದೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2011ರಲ್ಲೇ ಇವು ಬೇಡ ಅಂತ ಸಲಹೆ ಕೊಟ್ಟಿತ್ತಂತೆ; ನನಗೆ ಗೊತ್ತಾಗಿದ್ದು ಕೆಂಚ ಸಿಕ್ಕಿಬಿದ್ದ ಮೇಲೆ. ಹುಳು ಮನೆಯ ಬಿಲಗಳಿಗೆ ಸ್ಟೀಲ್ ನಾರು ತುರುಕಿ ಸಿಮೆಂಟ್ ಹಚ್ಚಿಸಿದ್ದೇವೆ, ಬಾಗಿಲ ಕೆಳಗಿನ ಸಂದಿಗೆ ತಗಡು ಹೊಡೆಸಿದ್ದೇವೆ. ಒಳಗೆ ಕಬ್ಬಿಣದ ಬೋನು, ಸುಟ್ಟ ಕೊಬ್ಬರಿ ಚೂರು.

ನಮ್ಮ ಮೈದುನನಿಗೆ ಇಷ್ಟು ಹೇಳಿದರೂ ಅಂಗಡಿಯಲ್ಲಿ ಹಾಳೆ ಇಡೋದನ್ನು ನಿಲ್ಲಿಸೋಕೆ ಒಪ್ಪಲಿಲ್ಲ. ಹಾಗಿದ್ದರೆ ಮುಚ್ಚಳ ಇರೋ ಮರದ ಪೆಟ್ಟಿಗೆಯೊಳಗೆ ಇಡು, ಇಲಿ ನುಗ್ಗುವಷ್ಟೇ ತೂತು ಕೊರೆಸು, ಹಾಳೆ ತೂತಿನಿಂದ ಬೆಕ್ಕಿನ ಕೈಗೆ ಎಟುಕದಷ್ಟು ಒಳಗಿರಲಿ ಅಂದೆ. ಎಷ್ಟು ಒಳಗೆ ಅಂತ ಕೇಳಿದ. ಕೆಂಚನನ್ನೇ ಎತ್ತಿಕೊಂಡು ಹೋಗಿ ಮುಂಗಾಲು ಚಾಚಿಸಿ ಟೇಪು ಹಿಡಿದೆವು. ಮೈದುನನ ಹೆಬ್ಬೆರಳಿಗೆ ಕಚ್ಚಿದ.