‘ಏಷ್ಯಾದಲ್ಲೇ ಮೊದಲು’: ಮಾಹಿತಿ ಬರಹವನ್ನು ಓದುವ ಮತ್ತು ಬರೆಯುವ ಬಗೆ

ಶಿವನಸಮುದ್ರದ ಜಲವಿದ್ಯುತ್ ಕೇಂದ್ರವು ಏಷ್ಯಾದಲ್ಲೇ ಮೊದಲನೆಯದು ಎಂಬ ವಾಕ್ಯವನ್ನು ಒಮ್ಮೆಯಾದರೂ ಓದದ ಕನ್ನಡಿಗರು ವಿರಳ. ಮಾಹಿತಿ ಬರಹದ ಕ್ರಮವನ್ನು ಕಲಿಯಲು ಈ ಒಂದು ವಾಕ್ಯವನ್ನೇ ಇಟ್ಟುಕೊಳ್ಳಬಹುದು.

ಓದುವಾಗ ಮೊದಲು ವಾಕ್ಯವನ್ನು ಬಿಡಿಸಿ ನೋಡಬೇಕು. ಕೇಂದ್ರವು 1902ರಲ್ಲಿ ಆರಂಭವಾಯಿತು ಮತ್ತು ಅಲ್ಲಿಯ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು ಎಂಬುದಕ್ಕೆ ದಾಖಲೆಗಳಿವೆ. ‘ಮೊದಲು’ ಎಂಬುದಾದರೋ ಹೋಲಿಕೆಯ ಮಾತು. ಅದನ್ನು ಬರೆಯುವವರು ಏಷ್ಯಾದ ಉಳಿದ ಊರುಗಳ ಕಡೆಗೂ ಕಣ್ಣು ಹಾಯಿಸಿರಬೇಕಾಗುತ್ತದೆ. ಹಾಗೆ ನೋಡಿದರೆ ಡಾರ್ಜಿಲಿಂಗ್ ಬಳಿಯ ಸಿದ್ರಾಪೋಂಗ್‌ನಲ್ಲಿ 1897ರಲ್ಲಿಯೇ, ಜಪಾನಿನ ಕ್ಯೋಟೊದಲ್ಲಿ 1891ರಲ್ಲಿಯೇ ನೀರಿನಿಂದ ವಿದ್ಯುತ್ ತೆಗೆಯಲಾಗುತ್ತಿತ್ತು. ಹತ್ತು ಕಡೆ ಅಚ್ಚಾದ ಮಾತು ಹತ್ತು ಸಾಕ್ಷಿಗಳಿಗೆ ಸಮವೆಂದು ಭಾವಿಸುವಂತಿಲ್ಲ. ಬಹಳ ಸಲ ಒಬ್ಬರು ಬರೆದದ್ದನ್ನೇ ಉಳಿದ ಒಂಬತ್ತು ಮಂದಿ ನಕಲು ಮಾಡಿರುತ್ತಾರೆ.

ಬರೆಯಲು ಕುಳಿತಾಗ ಹೊಗಳಿಕೆಯಿಂದ ಆರಂಭಿಸದೆ, ಉತ್ತರ ಬೇಡುವ ಪ್ರಶ್ನೆಯೊಂದನ್ನು ಹಿಡಿಯಿರಿ. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಅದಕ್ಕೂ ಮೂರು ವರ್ಷ ಮೊದಲೇ ಕಾವೇರಿಯ ವಿದ್ಯುತ್ತು ಗಣಿಗಳಿಗೆ ಹೋದದ್ದೇಕೆ? ಅದಿರನ್ನು ಪುಡಿಮಾಡುವ, ಆಳದ ನೀರನ್ನು ಮೇಲೆತ್ತುವ ಯಂತ್ರಗಳಿಗೆ ಹಗಲಿರುಳೂ ಶಕ್ತಿ ಬೇಕಿತ್ತು, ಅದಕ್ಕೆ ಬೆಲೆ ತೆರಬಲ್ಲ ಕಂಪನಿಗಳೂ ಅಲ್ಲಿದ್ದವು. ಈ ಕಾರಣವನ್ನು ಹೇಳಿದ ಮೇಲೆ ‘ಅಷ್ಟು ದೂರ ಸಾಗಿಸಿದ್ದು ಹೇಗೆ’ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ವೋಲ್ಟೇಜನ್ನು ವಿವರಿಸಬೇಕಾದ ಜಾಗ ಅದೇ: ಅಷ್ಟೇ ಶಕ್ತಿಯನ್ನು ಹೆಚ್ಚಿನ ವೋಲ್ಟೇಜಿನಲ್ಲಿ ಕಳುಹಿಸಿದರೆ ತಂತಿಯಲ್ಲಿ ಹರಿಯುವ ಕರೆಂಟು ಕಡಿಮೆಯಾಗಿ, ತಂತಿ ಬಿಸಿಯಾಗುವುದರಿಂದ ಆಗುವ ನಷ್ಟವೂ ತಗ್ಗುತ್ತದೆ. ಇದೇ ವಿವರಣೆಯನ್ನು ಮೊದಲ ಪ್ಯಾರಾದಲ್ಲಿ ಕೊಟ್ಟಿದ್ದರೆ ಓದುಗರು ಅದನ್ನು ದಾಟಿಕೊಂಡು ಹೋಗುತ್ತಿದ್ದರು. ಶಿವನಸಮುದ್ರದ ನಿಜವಾದ ಹೆಚ್ಚುಗಾರಿಕೆಯಿರುವುದೂ ಈ ದೂರದಲ್ಲಿಯೇ. ಅಲ್ಲಿಂದ ಗಣಿಗಳಿಗೆ ಎಳೆದ ತಂತಿ ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳ ಸಾಲಿಗೆ ಸೇರಿತ್ತು.

ಕರಡು ಮುಗಿದ ಮೇಲೆ ಪ್ರತಿ ವಾಕ್ಯದ ಎದುರು, ಅದು ಎಲ್ಲಿಂದ ತಿಳಿಯಿತೆಂದು ಪೆನ್ಸಿಲಿನಲ್ಲಿ ಗುರುತು ಹಾಕಿ. ಗುರುತು ಹಾಕಲಾಗದ ವಾಕ್ಯವನ್ನು ತೆಗೆದುಬಿಡಿ. ಅಂಕಿಗಳ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು. ಮೂಲದಲ್ಲಿ ಈ ಮಾರ್ಗದ ಉದ್ದ 92 ಮೈಲಿ ಎಂದಿದ್ದರೆ ಅದನ್ನು ಹಾಗೆಯೇ ಕೊಟ್ಟು, ಪಕ್ಕದಲ್ಲಿ ‘ಸುಮಾರು 148 ಕಿಲೋಮೀಟರ್’ ಎಂದು ಬರೆಯಿರಿ, 148.06 ಎಂದು ಬರೆದರೆ, ಅಳೆದವರೇ ಹೇಳದ ನಿಖರತೆಯನ್ನು ನೀವು ಸೇರಿಸಿದಂತಾಗುತ್ತದೆ.